ಮಳೆ ರಜೆ ಗೊತ್ತಾಗಿದ್ದು ಎಂಟೂ ಕಾಲಿಗೆ

ಹೋದ ಜುಲೈನಲ್ಲಿ ಊರಿಗೆ ಬಂದಿದ್ದೆ, ಹೊಸನಗರ ಕಡೆ ತಂಗಿ ಮನೆ. ಮೂರು ದಿನದಿಂದ ಬಿಟ್ಟೂ ಬಿಡದೆ ಮಳೆ, ಕರೆಂಟ್ ಹೋಗಿ ಎರಡು ದಿನ, ಕರೆಂಟ್ ಹೋದ್ರೆ ಟವರ್ ಬ್ಯಾಟರಿ ಖಾಲಿಯಾಗಿ ನೆಟ್‌ವರ್ಕೂ ಹೋಗುತ್ತೆ, ಮಲೆನಾಡಿನವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ತಂಗಿ ಮಗ ಏಳನೇ ಕ್ಲಾಸು, ಅಲ್ಲೇ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳೂವರೆಗೇ ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ಹೊರಟ, ಎರಡೂವರೆ ಕಿಲೋಮೀಟರ್ ನಡಿಗೆ, ಮಧ್ಯ ಒಂದು ಹಳ್ಳ, ಅದಕ್ಕೆ ಅಡಿಕೆ ಮರದ ಕಾಲುಸಂಕ.

ನಾನು ಎಂಟೂ ಕಾಲಿಗೆ ಮನೆ ಹಿಂದಿನ ಗುಡ್ಡ ಹತ್ತಿದೆ, ಆಫೀಸ್ ಮೇಲ್ ನೋಡೋಣ ಅಂತ. ಅಲ್ಲೊಂದು ಬಂಡೆ ಮೇಲೆ ನಿಂತ್ರೆ ಎರಡು ಕಡ್ಡಿ ಸಿಗ್ನಲ್ ಬರುತ್ತೆ. ಫೋನ್ ಟಿಣ್ ಟಿಣ್ ಅನ್ನೋಕೆ ಶುರು ಆಯ್ತು. ಮೊದಲು ಬಂದಿದ್ದು ನಾವಿರೋ ಅಮೆರಿಕದ ನ್ಯೂಜೆರ್ಸಿಯಿಂದ, ಮಗಳ ಮಿಡ್ಲ್ ಸ್ಕೂಲಿನ ಮೇಲ್, ಸೆಪ್ಟೆಂಬರ್‌ನಲ್ಲಿ ಏಳನೇ ಗ್ರೇಡ್ ಮಕ್ಕಳಿಗೆ ಲಾಕರ್ ಯಾವತ್ತು ಕೊಡ್ತೀವಿ ಅಂತ. ಅಲ್ಲಿ ಸ್ಕೂಲಿಗೆ ಬೇಸಿಗೆ ರಜೆ, ಆದ್ರೂ ಮೇಲ್‌ಗೆ ರಜೆ ಇಲ್ಲ. ಅದರ ಹಿಂದೇನೇ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಯಾರೋ ಹಾಕಿದ ಫಾರ್ವರ್ಡು, ಭಾರಿ ಮಳೆ ಕಾರಣ ಹೊಸನಗರ ತಾಲೂಕಿನ ಶಾಲೆಗಳಿಗೆ ಇವತ್ತು ರಜೆ. ಹದಿಮೂರು ಸಾವಿರ ಚಿಲ್ಲರೆ ಕಿಲೋಮೀಟರ್ ಆಚೆಯ ಲಾಕರ್ ಸುದ್ದಿ ಮೊದ್ಲು, ಕಾಲ ಕೆಳಗಿನ ಹಳ್ಳದ ಸುದ್ದಿ ಆಮೇಲೆ.

ಓಡಿದ್ವಿ ನಾನೂ ತಂಗಿನೂ. ಹುಡುಗ ಅಷ್ಟೊತ್ತಿಗೆ ಸಂಕ ದಾಟಿ ಸ್ಕೂಲಿಗೆ ಹೋಗಿ, ಬೀಗ ನೋಡಿ, ವಾಪಸ್ ಬರೋ ಹೊತ್ತಿಗೆ ಹಳ್ಳ ಸಂಕದ ಮಟ್ಟಕ್ಕೆ ಬಂದಿತ್ತು. ಪುಣ್ಯಕ್ಕೆ ಆಚೆ ದಡದ ತೋಟದವರು ನೋಡಿ ಅವನನ್ನ ತಡೆದು ಮನೆಗೆ ಕರ್ಕೊಂಡು ಹೋಗಿದ್ರು. ಈಚೆ ದಡದಲ್ಲಿ ನಾವು, ಆಚೆ ಅವರು, ನೀರಿನ ಸದ್ದಿಗೆ ಕೂಗಿದ್ರೆ ಒಂದಕ್ಷರ ಕೇಳ್ಸಲ್ಲ, ಅವರು ಒಲೆ ಕಡೆ ಕೈ ತೋರ್ಸಿ ತಿನ್ನೋ ಸನ್ನೆ ಮಾಡಿದ್ರು, ಅಂದ್ರೆ ತಿಂಡಿ ಕೊಟ್ಟಿದೀವಿ, ಇರ್ಲಿ ಇಲ್ಲೇ ಅಂತ. ಮಧ್ಯಾಹ್ನ ನೀರು ಇಳಿದ್ಮೇಲೆ ಬಂದ. ಅವನಿಗೆ ಇದೊಂದು ದೊಡ್ಡ ವಿಷ್ಯಾನೇ ಅಲ್ಲ, ಅವರ ಮನೇಲಿ ಹಲಸಿನ ಹಪ್ಪಳ ಕೊಟ್ರು ಅನ್ನೋದೇ ಹೆಡ್‌ಲೈನು.

ಈಗ ನ್ಯೂಜೆರ್ಸಿ ಕತೆ ಹೇಳ್ತೀನಿ, ಹೋಲಿಸ್ಬೇಡಿ ಅಂದ್ರೂ ಮನಸ್ಸು ಹೋಲಿಸುತ್ತೆ. ಅಲ್ಲಿ ನಮ್ಮ ಮಳೆ ರಜೆ ಥರದ್ದೇ ಸ್ನೋ ಡೇ. ಊರಿನ ಸ್ಕೂಲುಗಳ ಮುಖ್ಯಸ್ಥರು, ಸೂಪರಿಂಟೆಂಡೆಂಟು ಅಂತಾರೆ, ಬೆಳಗಿನ ಜಾವ ರಸ್ತೆ ಪರಿಸ್ಥಿತಿ ವಿಚಾರಿಸಿ ತೀರ್ಮಾನ ತಗೋತಾರೆ, ಐದೂವರೆಗೆಲ್ಲ ನನ್ನ ಫೋನಿಗೆ ಕಾಲ್, ಹೆಂಡತಿ ಫೋನಿಗೆ ಕಾಲ್, ಮೆಸೇಜ್, ಮೇಲ್, ನಾಲ್ಕೂ ಒಟ್ಟಿಗೆ. ವರ್ಷಕ್ಕೆ 180 ದಿನ ಕ್ಲಾಸ್ ನಡೀಬೇಕು ಅನ್ನೋ ಲೆಕ್ಕ ಇರೋದ್ರಿಂದ ಕ್ಯಾಲೆಂಡರಲ್ಲೇ ಸ್ನೋ ಡೇಗೆ ಜಾಗ ಬಿಟ್ಟಿರ್ತಾರೆ. ನಮ್ಮಲ್ಲಿ ಡಿಸಿ ಘೋಷಣೆ ಮಾಡ್ತಾರೆ, ಕೆಲವೊಮ್ಮೆ ತಹಸೀಲ್ದಾರ್ರಿಗೆ ಬಿಇಒಗೆ ಬಿಟ್ಟುಬಿಡ್ತಾರೆ, ರಜೆ ಹೋದ ದಿನಗಳನ್ನ ಶನಿವಾರ ಮಧ್ಯಾಹ್ನ, ಭಾನುವಾರ ತುಂಬಿಸ್ಕೋತಾರೆ. ಅದೆಲ್ಲ ಸರಿ, ಒಪ್ಕೊಂಡೆ, ಸಾಗರದಲ್ಲಿ ಬಿಸಿಲಿದ್ದಾಗ ಮಾಸ್ತಿಕಟ್ಟೇಲಿ ಮೋಡ ಹರಿದು ಬೀಳ್ತಿರುತ್ತೆ, ತಾಲೂಕುವಾರು ನೋಡ್ಬೇಕಾದ್ದೇ. ಆದ್ರೆ ತೀರ್ಮಾನ ಬೆಳಗ್ಗೆ ಏಳರ ಮೇಲೆ ಬಂದ್ರೆ ದೂರದ ಮಕ್ಕಳಿಗೆ ಅದು ಬಂದಂಗೇ ಅಲ್ಲ. ಅದರ ಜೊತೆ ಹಳೇ ವರ್ಷದ ಆದೇಶಕ್ಕೆ ತಾರೀಖು ತಿದ್ದಿ ಹರಿಬಿಡೋ ಪುಣ್ಯಾತ್ಮರು ಬೇರೆ, ನಿಜ ಯಾವುದು ಸುಳ್ಳು ಯಾವುದು ಅಂತ ಮೇಷ್ಟ್ರಿಗೇ ಫೋನ್ ಮಾಡಿ ಕೇಳ್ಬೇಕು.

ಆದ್ರೆ ಅಮೆರಿಕದ ಸ್ಕೂಲೇ ಮೇಲು ಅಂತ ಹೇಳೋಕೆ ನಾನು ಇದನ್ನ ಬರೀತಿಲ್ಲ. ಒಂದು ಮಂಗಳವಾರ ಸುಮ್ನೆ ಎಣಿಸಿದೆ, ಸ್ಕೂಲಿಂದ ಹನ್ನೊಂದು ಮೆಸೇಜ್. ಬಸ್ಸು ಹನ್ನೆರಡು ನಿಮಿಷ ಲೇಟು, ಸೈನ್ಸ್ ಕ್ವಿಜ್ ಮಾರ್ಕ್ಸ್ ಪೋರ್ಟಲಲ್ಲಿ ಬಂದಿದೆ, ಬ್ಯಾಂಡ್ ಪ್ರಾಕ್ಟೀಸ್ ಕ್ಯಾನ್ಸಲ್, ಪಿಟಿಒದವರು, ಅಂದ್ರೆ ಪೋಷಕರ-ಶಿಕ್ಷಕರ ಸಂಘದವರು, ಕುಕ್ಕಿ ಮಾರ್ತಿದಾರೆ. ಇದರ ಮಧ್ಯದಲ್ಲಿ ಒಂದು, ಇವತ್ತು ಲಾಕ್‌ಡೌನ್ ಡ್ರಿಲ್ ಮಾಡಿದ್ವಿ, ಚೆನ್ನಾಗಿ ಆಯ್ತು ಅಂತ. ನ್ಯೂಜೆರ್ಸಿಯಲ್ಲಿ ತಿಂಗಳಿಗೆ ಒಂದು ಫೈರ್ ಡ್ರಿಲ್, ಒಂದು ಸೆಕ್ಯುರಿಟಿ ಡ್ರಿಲ್ ಮಾಡ್ಲೇಬೇಕು, ಕಾನೂನು. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡಲ್ಲಿ ಸ್ಕೂಲೊಳಗೆ ಗುಂಡು ಹಾರಿಸಿ 17 ಜನ ಸತ್ರಲ್ಲ, ಅದರ ಮುಂದಿನ ವರ್ಷ ಪ್ರತಿ ಪಬ್ಲಿಕ್ ಸ್ಕೂಲಲ್ಲೂ ಸದ್ದಿಲ್ಲದೆ ಪೊಲೀಸರಿಗೆ ಸುದ್ದಿ ಕೊಡೋ ಪ್ಯಾನಿಕ್ ಬಟನ್ ಇರ್ಬೇಕು ಅಂತ ಮೊದಲು ಕಾನೂನು ಮಾಡಿದ್ದೂ ನ್ಯೂಜೆರ್ಸಿಯೇ. ಮಗಳು ಹೇಳ್ತಾಳೆ, ಲೈಟ್ ಆರ್ಸಿ, ಬಾಗಿಲು ಲಾಕ್ ಮಾಡಿ, ಮೂಲೇಲಿ ಸದ್ದಿಲ್ಲದೆ ಕೂತ್ಕೋತೀವಿ ಅಂತ, ಯಾವುದೋ ಆಟದ ಥರ ಹೇಳ್ತಾಳೆ. ಅದನ್ನ ಊರಲ್ಲಿ ಅಳಿಯನ ಹತ್ರ ಹೇಳ್ತಾ ಇದ್ಲು, ಅವನು ಕಣ್ಣರಳಿಸಿ, ‘ಲಾಕ್‌ಡೌನ್ ಅಂದ್ರೆ ರಜೆ ಅಲ್ವಾ ಮಾವ, ಅದಕ್ಕೆಂತಕ್ಕೆ ಪ್ರಾಕ್ಟೀಸು?’ ಅಂದ. ಅವನ ಪಾಲಿಗೆ ಲಾಕ್‌ಡೌನ್ ಅಂದ್ರೆ ಕೊರೊನಾ ಟೈಮು, ತೋಟದಲ್ಲಿ ಆಡ್ಕೊಂಡಿದ್ದ ದಿನಗಳು. ನಾನು ಉತ್ತರ ಹೇಳ್ಲಿಲ್ಲ.

ಇನ್ನೊಂದು ಸಲ ಮಧ್ಯಾಹ್ನ ಮೇಲ್ ಬಂತು, ಕಟ್ಟಡದೊಳಗಿನ ಒಂದು ವಿಷಯದ ಕಾರಣ ಮಕ್ಕಳನ್ನ ಇಪ್ಪತ್ತು ನಿಮಿಷ ಕ್ಲಾಸಲ್ಲೇ ಇರಿಸಿದ್ವಿ, ಎಲ್ರೂ ಸೇಫ್, ಈಗ ಎಂದಿನಂತೆ ನಡೀತಿದೆ. ಯಾವ ವಿಷಯ? ಹೇಳಲ್ಲ. ಬೇರೆ ಮಗುವಿನ ಮಾಹಿತಿ ಇದ್ರೆ ಹೇಳೋ ಹಂಗಿಲ್ಲ, ಅದಕ್ಕೆ 1974ರಿಂದ ಫೆರ್ಪಾ ಅಂತ ಕಾನೂನೇ ಇದೆ, ಆ ಮಗುವಿನ ಕಡೆಯಿಂದ ನೋಡಿದ್ರೆ ನ್ಯಾಯವೇ. ಆದ್ರೆ ಮೀಟಿಂಗಲ್ಲಿ ಕೂತು ಆ ಮೂರು ಸಾಲು ಎಂಟು ಸಲ ಓದಿದವನಿಗೆ ಗೊತ್ತು, ವಕೀಲರು ನೋಡಿ ಪಾಸ್ ಮಾಡಿದ ವಾಕ್ಯ ಅಪ್ಪ ಅಮ್ಮಂದ್ರಿಗೆ ಏನೂ ಹೇಳಿರಲ್ಲ. ಸಂಜೆ ಮಗಳು ಮನೆಗೆ ಬಂದು ಯಾರೋ ಕಾರಿಡಾರಲ್ಲಿ ಮೈ ಹುಷಾರಿಲ್ದೆ ಬಿದ್ರಂತೆ ಅಂದ್ಮೇಲೆ ಎದೆ ಭಾರ ಇಳೀತು.

ಒಂದನ್ನ ಮಾತ್ರ ಮುಲಾಜಿಲ್ಲದೆ ಹೊಗಳ್ತೀನಿ. ಕೀಟಲೆ, ಹೀಯಾಳಿಸೋದು, ಹೊಡೆಯೋದು, ಇದಕ್ಕೆ ನ್ಯೂಜೆರ್ಸಿಯಲ್ಲಿ 2011ರ ಕಾನೂನು ಇದೆ, ದೂರು ಬಂದ್ರೆ ಒಂದು ಶಾಲಾ ದಿನದೊಳಗೆ ವಿಚಾರಣೆ ಶುರು ಆಗ್ಬೇಕು, ಹತ್ತು ಶಾಲಾ ದಿನದೊಳಗೆ ಮುಗೀಬೇಕು, ಎರಡೂ ಕಡೆ ಮನೆಯವ್ರಿಗೆ ತಿಳಿಸ್ಬೇಕು. ಹನ್ನೊಂದು ಹನ್ನೆರಡರ ವಯಸ್ಸು ಇದೆಯಲ್ಲ, ಮಕ್ಕಳು ಮನೇಲಿ ಮಾತು ಕಡಿಮೆ ಮಾಡೋ ವಯಸ್ಸು, ‘ಏನಿಲ್ಲ ಬಿಡಪ್ಪಾ’ ಅಂತ ರೂಮಿಗೆ ಹೋಗೋ ವಯಸ್ಸು, ಆವಾಗ ಸ್ಕೂಲು ಬಾಯಿ ಬಿಡ್ಲೇಬೇಕು. ನಮ್ಮಲ್ಲಿ ಗೋಡೆ ಮೇಲೆ 1098 ಬರೆದಿರ್ತಾರೆ, ಮಕ್ಕಳ ಸಹಾಯವಾಣಿ, ಒಳ್ಳೇದೇ. ಆದ್ರೆ ಮೈ ಕೈ ನೋವಾಗೋವರೆಗೂ ‘ಹುಡುಗ್ರು ಅಂದ್ಮೇಲೆ ಇದ್ದದ್ದೇ’ ಅನ್ನೋ ಮಾತೂ ಇದೆ.

ನಾವು ಓದೋವಾಗ ಸ್ಕೂಲಿಂದ ಮನೆಗೆ ಸುದ್ದಿ ಅಂತ ಬರ್ತಿರ್ಲಿಲ್ಲ. ಬರ್ತಿದ್ದಿದ್ದು ನಮ್ಮ ಬಾಯಲ್ಲೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ್ರಲ್ಲ ಮಂಗನ ಕಾಯಿಲೆ, ನಮ್ಮ ಕಾಲಕ್ಕೂ ಬೇಸಿಗೆ ಬಂದ್ರೆ ಅದರ ಭಯ, ಮೇಷ್ಟ್ರು ಪ್ರಾರ್ಥನೆ ಮುಗಿದ್ಮೇಲೆ ಸತ್ತ ಮಂಗ ಕಂಡ್ರೆ ಮುಟ್ಬೇಡಿ, ಮನೇಲಿ ಹೇಳಿ ಅನ್ನೋರು, ನಾವು ಊರೆಲ್ಲ ಸಾರೋ ಡಂಗುರ. ಇನ್ನು ನಮ್ಮ ಸುದ್ದಿ ಮನೆಗೆ ತಲುಪಿಸೋಕೆ ದಾರಿ ಉದ್ದಕ್ಕೂ ಜನ ಇದ್ರು. ನಾನು ಒಂದಿನ ಕ್ಲಾಸಿಗೆ ಚಕ್ಕರ್ ಹೊಡೆದು ಹಳ್ಳದಲ್ಲಿ ಏಡಿ ಹಿಡೀತಿದ್ದೆ, ನಾನು ಮನೆ ಮುಟ್ಟೋ ಮೊದಲೇ ಅಪ್ಪಯ್ಯ ಜಗಲಿ ಮೇಲೆ ಬೆತ್ತ ಹಿಡ್ಕೊಂಡು ಕೂತಿದ್ರು. ಯಾವ ಆ್ಯಪ್ ಇತ್ತು?

ಆ ದಾರಿಯ ಕಣ್ಣುಗಳು ಈಗ ಕಡಿಮೆ ಆಗಿವೆ, ಅದನ್ನೂ ಹೇಳ್ಬೇಕು. ಅರ್ಧ ಮಕ್ಕಳು ಬೆಳಗ್ಗೆ ವ್ಯಾನ್ ಹತ್ತಿ ಪೇಟೆ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗ್ತಾರೆ, ಡ್ರೈವರ್ ಯಾರು, ವ್ಯಾನಲ್ಲಿ ಎಷ್ಟು ಜನ ಅಂತ ಕೇಳೋಕೆ ಹೋದ್ರೆ ಸ್ಕೂಲಿನ ವಾಟ್ಸಾಪ್ ಗ್ರೂಪಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕ್ಬಹುದು. ಫೀಸ್ ಕೊನೇ ದಿನಾಂಕ ತಪ್ಪದೆ ಬರುತ್ತೆ. ಪಕ್ಕದ ಮನೆಯವ್ರು ಹಂಗೇ ಹೇಳ್ತಿದ್ರು.

ಸರ್ಕಾರಿ ಶಾಲೇಲಿ ಇನ್ನೊಂದು ತಮಾಷೆ. ಕಾಗದದ ಮೇಲೆ ನಮ್ಮ ತಂಗಿಗೆ ನನಗಿಂತ ಜಾಸ್ತಿ ಅಧಿಕಾರ ಇದೆ. ಅವಳು ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿ ಸದಸ್ಯೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತೀಲಿ ಮುಕ್ಕಾಲು ಭಾಗ ಪೋಷಕರೇ ಇರ್ಬೇಕು, ಅರ್ಧ ಹೆಂಗಸರು. ಖಾಸಗಿ ಅನುದಾನರಹಿತ ಶಾಲೆಗೆ ಈ ನಿಯಮ ಇಲ್ಲ. ನ್ಯೂಜೆರ್ಸಿಯಲ್ಲಿ ನನಗೆ ಇರೋದು ಬೋರ್ಡ್ ಮೀಟಿಂಗಲ್ಲಿ ಮೈಕ್ ಮುಂದೆ ಮೂರು ನಿಮಿಷ, ಗಡಿಯಾರ ಇಟ್ಟು ಎಣಿಸ್ತಾರೆ. ಎಲ್ಲಾ ಸುದ್ದಿ ಬರುತ್ತೆ, ಮಾತಾಡೋಕೆ ಮೂರು ನಿಮಿಷ. ಇವಳಿಗೆ ಮಾತಾಡೋ ಹಕ್ಕು ಪೂರ್ತಿ ಇದೆ, ಸುದ್ದಿ ಒಂದೂ ಬರಲ್ಲ. ಮೀಟಿಂಗಲ್ಲಿ ಎಂತ ಮಾತಾಡ್ತೀರಿ ಅಂತ ಕೇಳಿದೆ. ‘ಎಂತ ಇರುತ್ತಣ್ಣ, ಸುಣ್ಣ ಬಣ್ಣ, ಆಗಸ್ಟ್ ಹದಿನೈದಕ್ಕೆ ಸ್ವೀಟು, ಆಮೇಲೆ ಸೈನು’ ಅಂದ್ಲು.

ನನಗನ್ಸೋದು ಇಷ್ಟೇ, ಮಲೆನಾಡಿನ ಶಾಲೆಗೆ ಆ್ಯಪ್ ತಂದ್ರೆ ನೆಟ್‌ವರ್ಕ್ ಗುಡ್ಡದ ಮೇಲಿರೋವರೆಗೂ ಉಪಯೋಗ ಇಲ್ಲ. ಬೇಕಾಗಿರೋದು ಒಂದು ಹಾಳೆ. ಯಾವ ಯಾವ ಮಕ್ಕಳು ಹಳ್ಳ ದಾಟಿ ಬರ್ತಾರೆ, ದಾರೀಲಿ ಯಾವ ಮನೆ, ಅಲ್ಲಿ ಲ್ಯಾಂಡ್‌ಲೈನ್ ಇದೆಯಾ, ನೀರು ಬಂದ್ರೆ ಮಗು ಎಲ್ಲಿ ಉಳೀಬೇಕು. ಶಾಲಾ ಸಂಪರ್ಕ ಸೇತು ಅಂತ ಸರ್ಕಾರದ್ದೇ ಯೋಜನೆ ಇತ್ತು, ಕಾಲುಸಂಕ ತೆಗೆದು ಗಟ್ಟಿ ಕಿರುಸೇತುವೆ ಕಟ್ಟೋಕೆ, ಎಷ್ಟೋ ಕಡೆ ಆಗಿದೆ, ನಮ್ಮ ಹಳ್ಳಕ್ಕೆ ಇನ್ನೂ ಬಂದಿಲ್ಲ. ಬರೋವರೆಗೆ ಹಾಳೆಯಾದ್ರೂ ಇರ್ಲಿ. ಹಂಗೆ ನೋಡಿದ್ರೆ ಇದು ಮಗಳ ಸ್ಕೂಲಿನ ಎಮರ್ಜೆನ್ಸಿ ಕಾಂಟ್ಯಾಕ್ಟ್ ಫಾರ್ಮೇ, ಅಪ್ಪ ಅಮ್ಮ ಸಿಗದಿದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಮೂರು ಹೆಸರು ಬರೀಬೇಕು. ಒಂಬತ್ತು ವರ್ಷ ಆಯ್ತು ಆ ಊರಲ್ಲಿ, ಮೂರನೇ ಹೆಸರಿಗೆ ನಾನು ಪ್ರತಿ ವರ್ಷ ತಡಕಾಡ್ತೀನಿ. ತಂಗಿ ಕೂತ ಕಡೆಯಿಂದ್ಲೇ ಹದಿನಾಲ್ಕು ಮನೆ ಹೇಳಿದ್ಲು.

ನಾನು ವಾಪಸ್ ಬಂದು ಎರಡು ವಾರಕ್ಕೆ ಅವಳ ವಾಯ್ಸ್ ಮೆಸೇಜ್ ಬಂತು, ಕಳಿಸಿದ್ದು ರಾತ್ರಿ, ತಲುಪಿದ್ದು ಮಾರನೇ ದಿನ. ಆ ಹಾಳೆ ವಿಷ್ಯ ಮೀಟಿಂಗಲ್ಲಿ ಕೇಳಿದ್ಲಂತೆ. ಹೆಡ್‌ಮೇಷ್ಟ್ರು ಒಳ್ಳೇ ಐಡಿಯಾ ಅಂದ್ರಂತೆ, ಆದ್ರೆ ನಡಾವಳಿ ಪುಸ್ತಕದಲ್ಲಿ ಸುಣ್ಣ ಬಣ್ಣದ ಕೆಳಗೆ ಜಾಗ ಇರ್ಲಿಲ್ವಂತೆ, ಮುಂದಿನ ಪುಟದಲ್ಲಿ ಬರ್ಸಿ ಅಂತ ಇವಳು ಪೆನ್ನು ಕೈಯಲ್ಲೇ ಇಟ್ಕೊಂಡು, ಬರೆಯೋವರೆಗೂ ಸೈನ್ ಹಾಕ್ಲಿಲ್ವಂತೆ. ಹದಿನಾಲ್ಕು ಮನೇಲಿ ಮೊದಲನೇ ಹೆಸರು ಹಪ್ಪಳ ಕೊಟ್ಟವರದ್ದು.