ಮಾಡೆಲ್ ಚುರುಕಾಗಿದೆ, ಗೇಟ್ ಕೊಚ್ಚಿಹೋಗಿದೆ

ದೇಶದಲ್ಲಿ ನೀರೆಷ್ಟಿದೆ ಎಂದು ತಿಳಿಯಲು ಈಗ ಹೊಳೆ ಹತ್ತಿರ ಹೋಗಬೇಕಿಲ್ಲ. ಕಂಪ್ಯೂಟರ್ ಮಾಡೆಲ್ ಇದೆ. ಎಷ್ಟು ಮಳೆ ಬಿತ್ತು, ಎಷ್ಟು ಆವಿಯಾಯಿತು, ಎಷ್ಟು ಇಂಗಿತು, ಎಷ್ಟು ಹರಿಯಿತು ಎಂದು ಲೆಕ್ಕ ಹಾಕಿ ನಕ್ಷೆಗೆ ನೀಲಿ ಬಣ್ಣ ಬಳಿಯುತ್ತದೆ. ಆ ನೀಲಿಗೆ ಮಾತ್ರ ಯಾವತ್ತೂ ಬರಗಾಲವಿಲ್ಲ.

ಈ ಲೆಕ್ಕ ಸುಧಾರಿಸುವ ಕೆಲಸ 1995ರಿಂದ ನಡೆದಿದೆ. ವಿಶ್ವಬ್ಯಾಂಕ್ ನೆರವಿನಲ್ಲಿ ಜಲವಿಜ್ಞಾನ ಯೋಜನೆ ಶುರುವಾಯಿತು. ಆಮೇಲೆ ಎರಡನೇ ಹಂತ. 2016ರಲ್ಲಿ ‘ರಾಷ್ಟ್ರೀಯ’ ಎಂಬ ಬಡ್ತಿ ಸಿಕ್ಕಿ ಸುಮಾರು 3,680 ಕೋಟಿ ರೂಪಾಯಿಯ ಯೋಜನೆಯಾಯಿತು. ಸುಮ್ನೆ ದೂರಬಾರದು, ಸೆನ್ಸರ್‌ಗಳು ಬಂದಿವೆ, ಪೋರ್ಟಲ್ ಬಂದಿದೆ.

ಆದರೆ ಮಾಡೆಲ್ ನಿಜ ಹೇಳುತ್ತಿದೆಯೋ ಇಲ್ಲವೋ ಎಂದು ನೋಡುವುದು ಹೇಗೆ? ಅದು ಹೇಳಿದ ಹರಿವನ್ನು ನದಿಯಲ್ಲಿ ಅಳೆದ ಹರಿವಿನ ಪಕ್ಕ ಇಟ್ಟು ನೋಡಬೇಕು. ಕೇಂದ್ರ ಜಲ ಆಯೋಗ ಅಳೆಯುತ್ತದೆ, ನಿಜ. ಆದರೆ ಗಂಗಾ, ಬ್ರಹ್ಮಪುತ್ರ, ಸಿಂಧೂ ಕಣಿವೆಗಳ ಹರಿವಿನ ಅಂಕಿ ಸರ್ಕಾರದ ಗುಟ್ಟು. ಈ ನದಿಗಳು ಗಡಿ ದಾಟುತ್ತವಲ್ವಾ, ಅದಕ್ಕೆ. ಕುಂಭಮೇಳದಲ್ಲಿ ಕೋಟಿಗಟ್ಟಲೆ ಜನ ಮುಳುಗಿ ಏಳಬಹುದು. ಎಷ್ಟು ನೀರಿನಲ್ಲಿ ಮುಳುಗಿದೆವು ಎಂದು ಕೇಳಿದರೆ ಅರ್ಜಿ ಹಾಕಬೇಕು.

ಇತ್ತ ನಾವು ಕಡತಕ್ಕೆ ಬೀಗ ಹಾಕುತ್ತಿದ್ದಾಗ, ಅತ್ತ ಅಮೆರಿಕ, ಜರ್ಮನಿ ಸೇರಿ 2002ರಲ್ಲಿ ಗ್ರೇಸ್ ಎಂಬ ಅವಳಿ ಉಪಗ್ರಹ ಹಾರಿಸಿದವು. ಕೆಳಗಿನ ನೆಲ ಭಾರವಾದರೆ ಅದರ ಸೆಳೆತ ಒಂಚೂರು ಜಾಸ್ತಿ, ಹಗುರಾದರೆ ಕಮ್ಮಿ. ಇದನ್ನೇ ಹಿಡಿದು ನೀರು ತೂಗುವ ವಿದ್ಯೆ ಅದು. ರಾಜಸ್ಥಾನ, ಪಂಜಾಬ್, ಹರಿಯಾಣದ ನೆಲದಡಿಯಿಂದ ಆರು ವರ್ಷದಲ್ಲಿ 109 ಘನ ಕಿಲೋಮೀಟರ್ ನೀರು ಖಾಲಿಯಾಗಿದೆ ಎಂದು 2009ರಲ್ಲಿ ಜಗತ್ತಿಗೇ ಗೊತ್ತಾಯಿತು. ನೆಲದಡಿಯ ನೀರಿನ ಲೆಕ್ಕ ಆಕಾಶದಿಂದಲೇ ಬಯಲಾಯಿತು. ಎಲ್ಲರ ಕಣ್ಣೆದುರು ಹರಿಯುವ ಗಂಗೆ ಮಾತ್ರ ಇನ್ನೂ ಗುಟ್ಟು.

ದಕ್ಷಿಣದಲ್ಲಿ ಆ ತಾಪತ್ರಯವಿಲ್ಲ. ತಮಿಳುನಾಡು ಗಡಿಯ ಅಳತೆ ಕೇಂದ್ರ ಬಿಳಿಗುಂಡ್ಲುವಿನಲ್ಲಿ ಹರಿದ ಕಾವೇರಿಯ ಪ್ರತಿ ಕ್ಯುಸೆಕ್‌ಗೂ ವಕೀಲರಿದ್ದಾರೆ. ಇಲ್ಲಿನ ಕಥೆಯೇ ಬೇರೆ. ಅಂಕಿ ಇದೆ, ಅದು ಹೇಳಿದ್ದನ್ನು ಕೇಳುವ ಕಿವಿ ಇಲ್ಲ.

ತುಂಗಭದ್ರಾ ಜಲಾಶಯವನ್ನೇ ನೋಡಿ. ಶುರುವಿನಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗ 105.788. ಮೂರು ದಶಮಾಂಶ ಸ್ಥಾನದವರೆಗೆ ಲೆಕ್ಕ! ಹೂಳು ಎಷ್ಟಿದೆ ಎಂದು ಸಮೀಕ್ಷೆ ಮೇಲೆ ಸಮೀಕ್ಷೆ ಆಯಿತು. ಅಳತೆ ನಯವಾಯಿತು, ಹೂಳು ಕದಲಲಿಲ್ಲ. ಬಹುಶಃ ಅದಕ್ಕೂ ಅರ್ಜಿ ಹಾಕಬೇಕೇನೋ.

2024ರ ಆಗಸ್ಟ್ 10ರ ರಾತ್ರಿ ಜಲಾಶಯ ತುಂಬಿತ್ತು. ಮಳೆ ಲೆಕ್ಕ ಗೊತ್ತಿತ್ತು, ಒಳಹರಿವು ಗೊತ್ತಿತ್ತು, ನೀರಿನ ಮಟ್ಟ ಗೊತ್ತಿತ್ತು. 33 ಗೇಟ್‌ಗಳ ಪೈಕಿ 19ನೆಯದರ ಸರಪಳಿ ಪಟ್ಟೆಂದು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನುತ್ತೇವಲ್ಲ, ಇಲ್ಲಿ ಬಾಗಿಲೇ ಕೊಳ್ಳೆ ಹೋಗಿತ್ತು. ತಾತ್ಕಾಲಿಕ ಗೇಟ್ ಕೂರಿಸಲು ಸುಮಾರು ಒಂದು ವಾರ ಬೇಕಾಯಿತು. ಅಷ್ಟೂ ದಿನ ರೈತರ ನೀರು ಎಷ್ಟೆಷ್ಟು ಹೊರಗೆ ಹೋಗುತ್ತಿದೆ ಎಂಬ ಅಂಕಿ ಮಾತ್ರ ತಪ್ಪದೆ ಬರುತ್ತಿತ್ತು.