ಗುಂಡಿ ಒತ್ತುವವರೂ ಕಣ್ಣು ಮಿಟುಕಿಸುವವರೂ

2025ರ ನವೆಂಬರ್ 19ರಂದು ಪ್ರಧಾನಿಯವರು ಕೊಯಮತ್ತೂರಿನ ವೇದಿಕೆಯಲ್ಲಿ ನಿಂತು ಜಮೀನಿರುವ ರೈತರ ಖಾತೆಗೆ ವರ್ಷಕ್ಕೆ ಆರು ಸಾವಿರ ರೂಪಾಯಿ ಹಾಕುವ ಪಿಎಂ ಕಿಸಾನ್ ಯೋಜನೆಯ ಇಪ್ಪತ್ತೊಂದನೆಯ ಕಂತನ್ನು ಗುಂಡಿ ಒತ್ತಿ ಬಿಡುಗಡೆ ಮಾಡಿದ್ದನ್ನು ತಾವೆಲ್ಲರೂ ನೋಡಿಯೇ ಇರುತ್ತೀರಿ. ಬ್ಯಾಂಕಿನ ಗುಮಾಸ್ತರೊಬ್ಬರು ಸದ್ದಿಲ್ಲದೆ ಮುಗಿಸಬಹುದಾದ ಎರಡು ಸಾವಿರ ರೂಪಾಯಿಯ ಜಮೆಗೆ ವರ್ಷದಲ್ಲಿ ಮೂರು ಸಲ ಪೆಂಡಾಲು, ಪೇಟ, ನೇರಪ್ರಸಾರ ಎಲ್ಲವೂ ಒದಗಿಬರುವುದು ನಮ್ಮ ಆಡಳಿತದ ಸೌಜನ್ಯವೆಂದೇ ತಿಳಿಯಬೇಕು.

ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕಡೆ ಅಡಿಕೆ ತೋಟವಿರುವವರಿಗೆ ಈ ಸೌಜನ್ಯದಲ್ಲಿ ಒಂದೇ ಒಂದು ತೊಡಕು ಕಾಣುತ್ತದೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೊಮ್ಮೆ, ಒಂದೂವರೆ ತಿಂಗಳ ಬಳಿಕ ಮತ್ತೊಮ್ಮೆ ಮದ್ದು ಬಿಡಬೇಕು. ಅದಕ್ಕೆ ಮೈಲುತುತ್ತು, ಸುಣ್ಣ, ಎಲ್ಲಕ್ಕಿಂತ ಮಿಗಿಲಾಗಿ ಮರ ಹತ್ತುವ ಒಬ್ಬ ಮನುಷ್ಯ ಬೇಕು. ಏಪ್ರಿಲ್‌ನಿಂದ ಜುಲೈವರೆಗಿನ ಕಂತು ಆ ವರ್ಷ ವಾರಾಣಸಿಯಲ್ಲಿ ಬಿಡುಗಡೆಯಾದದ್ದು ಆಗಸ್ಟ್ 2ರಂದು. ಕೊಳೆರೋಗದ ಶಿಲೀಂಧ್ರಕ್ಕೆ ಶಿಷ್ಟಾಚಾರದ ಅರಿವಿಲ್ಲದ ಕಾರಣ ಅದು ಗಣ್ಯರ ಪ್ರವಾಸಪಟ್ಟಿಗೆ ಕಾಯದೆ ಜುಲೈಯಲ್ಲಿಯೇ ಕಾಯಿ ಉದುರಿಸಲು ತೊಡಗುತ್ತದೆ.

ಹಣ ಪಡೆಯುವವನಿಗೂ ಒಂದು ಪಾತ್ರವಿದೆ. ಇ-ಕೆವೈಸಿ, ಅಂದರೆ ಆಧಾರ್ ಮೂಲಕ ತಾನು ತಾನೇ ಎಂಬ ದೃಢೀಕರಣ, ಮಾಡಿಸದವನಿಗೆ ಕಂತಿಲ್ಲ. ಅಡಿಕೆ ಸುಲಿದು, ರಬ್ಬರ್ ಕೆತ್ತಿ, ಬಿಡುವಿನಲ್ಲಿ ಬೀಡಿ ಕಟ್ಟಿ ಬೆರಳಿನ ಗೆರೆಗಳನ್ನೇ ಸವೆಸಿಕೊಂಡವರನ್ನು ಬೆರಳಚ್ಚಿನ ಯಂತ್ರ ಒಪ್ಪುವುದಿಲ್ಲ, ಅಂದರೆ ಹೆಚ್ಚು ದುಡಿದಷ್ಟೂ ದಾಖಲೆಯಲ್ಲಿ ಮಸುಕಾಗುತ್ತಾ ಹೋಗಬೇಕು. ಇದಕ್ಕೆ ಪರಿಹಾರವೆಂದು 2023ರಲ್ಲಿ ಮುಖ ಗುರುತಿಸುವ ಆ್ಯಪ್ ಬಂತು. ಈಗ ಸೇವಾಕೇಂದ್ರದ ಹುಡುಗ "ಅಜ್ಜ, ಒಮ್ಮೆ ಕಣ್ಣು ಮಿಟುಕಿಸಿ" ಎನ್ನುತ್ತಾನೆ, ಅಜ್ಜ ಮಿಟುಕಿಸುತ್ತಾರೆ, ನೆಟ್‌ವರ್ಕ್ ಹೋಗುತ್ತದೆ, ಅಜ್ಜ ಮತ್ತೆ ಮಿಟುಕಿಸುತ್ತಾರೆ. ಎಂಬತ್ತರ ಹೊಸ್ತಿಲಲ್ಲಿ ಒಬ್ಬ ಕೃಷಿಕನಿಗೆ ಇಷ್ಟು ಶೃಂಗಾರಾಭಿನಯ ಕಲಿಸಿದ ಇಲಾಖೆ ಬೇರೊಂದಿಲ್ಲ.

ರಾಜ್ಯವೂ ಹಿಂದುಳಿದಿರಲಿಲ್ಲ. ಕೇಂದ್ರದ ಆರು ಸಾವಿರಕ್ಕೆ 2019ರಲ್ಲಿ ತನ್ನದೊಂದು ನಾಲ್ಕು ಸಾವಿರ ಸೇರಿಸಿತ್ತು; 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದು ನಿಂತು, ಗೃಹಲಕ್ಷ್ಮಿಯ ಮಾಸಿಕ ಎರಡು ಸಾವಿರ ಮನೆಯೊಡತಿಯ ಖಾತೆಗೆ ಬರತೊಡಗಿತು. ಬಂದ ತಿಂಗಳು ಬಂತು, ಬಾರದ ತಿಂಗಳು ಇಲ್ಲ. ಇದರಿಂದ ಹೆಂಗಸರು ಸೋಮಾರಿಗಳಾದರು, ನಾಟಿಗೆ ಆಳು ಸಿಗುತ್ತಿಲ್ಲ ಎಂಬ ಅರ್ಥಶಾಸ್ತ್ರವನ್ನು ಮಂಗಳೂರಿನ ಹೋಟೆಲುಗಳಲ್ಲಿ ಬನ್ಸ್ ಮುರಿಯುತ್ತಾ ಮಂಡಿಸುವವರಿಗೆ ನಾನು ಇಷ್ಟೇ ಹೇಳಬಯಸುತ್ತೇನೆ: ಆ ಹಣ ಹಸುವಿನ ಹಿಂಡಿಗೆ, ಮಕ್ಕಳ ಬಸ್ಸಿಗೆ, ಅತ್ತೆಯ ರಕ್ತದೊತ್ತಡದ ಮಾತ್ರೆಗೆ ಹೋಗುತ್ತದೆ. ಬೆಳಗ್ಗೆ ಐದಕ್ಕೆ ಕೊಟ್ಟಿಗೆಗೆ ಇಳಿಯುವವಳನ್ನು ಸೋಮಾರಿ ಎನ್ನುವ ಬಾಯಿಗೆ ನಾಚಿಕೆಯಾಗಬೇಕು. ಸಾಕಾಗಿದೆ ಈ ಮಾತು ಕೇಳಿ.

ಪಿಎಂ ಕಿಸಾನ್ ಹಣ ಯಾರಿಗೆ ಎಂಬುದನ್ನು ಪಹಣಿ ನಿರ್ಧರಿಸುತ್ತದೆ, ಗದ್ದೆಯಲ್ಲ. ಬ್ರಹ್ಮಾವರದ ಆಚೆ ಹಡಿಲು (ಪಾಳು) ಬಿದ್ದ ಗದ್ದೆಯನ್ನು ಬಾಯಿಮಾತಿನ ಮೇಲೆ ವಹಿಸಿಕೊಂಡು ಉಳುವವನು ಕಾಗದದಲ್ಲಿ ಇಲ್ಲವೇ ಇಲ್ಲ, ಏಕೆಂದರೆ 1974ರ ಭೂಸುಧಾರಣೆಯ ನಂತರ ಗೇಣಿ ಎಂಬುದೇ ಕಾನೂನಿನ ಕಣ್ಣಿಗೆ ಬೀಳುವಂತಿಲ್ಲ. ಮುಂಬೈಯ ಕ್ಯಾಂಟೀನಿನಲ್ಲಿ ದುಡಿದು ಅಲ್ಲಿಯೇ ಉಳಿದವರ ಹೆಸರು ಪಹಣಿಯಲ್ಲಿದ್ದರೆ, ಕೆಸರು ಮರೆತು ದಶಕಗಳಾಗಿದ್ದರೂ ಅವರು ರೈತರು.

ನನಗೆ ಅತ್ಯಂತ ಪ್ರಿಯವಾದ ನಿಯಮ ಇನ್ನೊಂದಿದೆ. 2019ರ ಫೆಬ್ರವರಿ 1ರ ನಂತರ ಜಮೀನು ಕೈಬದಲಾಗಿದ್ದರೆ ಹೊಸ ಒಡೆಯನಿಗೆ ಕಂತಿಲ್ಲ. ಹಳೆಯ ಒಡೆಯ ಸತ್ತು ವಾರಸಿನಿಂದ ಬಂದಿದ್ದರೆ ಮಾತ್ರ ಉಂಟು. ಹೀಗಾಗಿ ಜಗಳವಾಗದಿರಲೆಂದು ಬದುಕಿರುವಾಗಲೇ ಪಾಲು ಬರೆದುಕೊಟ್ಟ ದೂರದೃಷ್ಟಿಯ ಅಪ್ಪ ಮಗನಿಗೆ ವರ್ಷಕ್ಕೆ ಆರು ಸಾವಿರದ ನಷ್ಟ ಮಾಡಿದಂತಾಯಿತು. ಸಕಾಲದಲ್ಲಿ ತೀರಿಕೊಂಡ ಅಪ್ಪನ ಮಗ ಅರ್ಹ, ಆದರೆ ವಂಶವೃಕ್ಷ ಮಾಡಿಸಿ, ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅಕ್ಕತಂಗಿಯರನ್ನೆಲ್ಲ ಊರಿಗೆ ಕರೆಸಿ, ಕ್ಯಾಮೆರಾದೆದುರು ಕಣ್ಣು ಮಿಟುಕಿಸಿದ ಮೇಲೆ.