ಎಪ್ಪತ್ತೆಂಟು ಎಲೆ, ಒಂದು ಕೂಲರ್

ಟ್ಯಾರೋ ಎಂದರೆ ಭವಿಷ್ಯ ಹೇಳಲು ಬಳಸುವ, ಇಸ್ಪೀಟಿನಂಥ 78 ಚಿತ್ರದ ಎಲೆಗಳ ಕಟ್ಟು. ಅದನ್ನು ಕೊಳ್ಳುವವರು ಎಲ್ಲ ಊರಲ್ಲೂ ಮೊದಲು ಚಿತ್ರ ನೋಡುತ್ತಾರೆ. ಕಲಬುರಗಿಯವರು ಮೊದಲು ಕಾಗದ ನೋಡುವುದು ಒಳ್ಳೆಯದು. ಚಿತ್ರ ಎಷ್ಟೇ ಚಂದ ಇರಲಿ, ಏಪ್ರಿಲ್ ಬರುವಷ್ಟರಲ್ಲಿ ಎಲೆಗಳು ಮಾಳಿಗೆ ಮೇಲೆ ಒಣಹಾಕಿದ ಹಪ್ಪಳದಂತೆ ಡೊಂಕಾದರೆ ಕಲೆಸಲೂ ಬರುವುದಿಲ್ಲ, ಡಬ್ಬಿಯೊಳಗೆ ವಾಪಸ್ ಕೂರಲೂ ಒಪ್ಪುವುದಿಲ್ಲ. ಭವಿಷ್ಯ ಕೇಳಲು ಬಂದವರ ಎದುರಿಗೇ ‘ಬಟ್ಟಲಿನ ರಾಣಿ’ ಎಂಬ ಎಲೆ ತೊಟ್ಟಿಲ ಹಾಗೆ ತೂಗುತ್ತಿರುತ್ತಾಳೆ.

ಇಲ್ಲಿ ಮಾತು ಸ್ವತಂತ್ರ ಕಟ್ಟುಗಳದ್ದು. ಸ್ವತಂತ್ರ ಕಟ್ಟು ಎಂದರೆ ದೊಡ್ಡ ಪ್ರಕಾಶಕರ ಹಂಗಿಲ್ಲದೆ ಕಲಾವಿದರೇ ಎಲ್ಲ ಚಿತ್ರ ಬರೆದು, ಕಿಕ್‌ಸ್ಟಾರ್ಟರ್‌ನಂಥ ಜಾಲತಾಣದಲ್ಲಿ ಜನರಿಂದ ಮುಂಗಡ ಹಣ ಕೂಡಿಸಿ, ಕೆಲವು ನೂರು ಅಥವಾ ಸಾವಿರ ಪ್ರತಿ ಅಚ್ಚು ಹಾಕಿಸಿದ್ದು. ವ್ಯವಹಾರ ಅಂಗಡಿಯದಲ್ಲ, ಮದುವೆಗೆ ಅಡುಗೆಯವರನ್ನು ಗೊತ್ತುಮಾಡಿದಂಥದ್ದು: ದುಡ್ಡು ಮೊದಲು, ಊಟ ಆಮೇಲೆ. ‘ಅಂದಾಜು ಅಕ್ಟೋಬರ್’ ಎಂದಿದ್ದರೆ ಅದರಲ್ಲಿ ‘ಅಂದಾಜು’ ಎಂಬುದನ್ನು ಎರಡು ಸಲ ಓದಿ. ಇಂಥ ಕಟ್ಟುಗಳಲ್ಲಿ ಬಹಳಷ್ಟು ಚೀನಾದಲ್ಲಿ ಅಚ್ಚಾಗುತ್ತವೆ. ಅಲ್ಲಿನ ಹೊಸವರ್ಷಕ್ಕೆ, ಅಂದರೆ ಜನವರಿ ಕೊನೆಗೋ ಫೆಬ್ರುವರಿಗೋ, ಕಾರ್ಖಾನೆಗಳು ಬಾಗಿಲು ಹಾಕುತ್ತವೆ. ಬಣ್ಣದ ನಮೂನೆ ಒಪ್ಪುವುದು ಡಿಸೆಂಬರ್ ದಾಟಿತೆಂದರೆ ಕಟ್ಟು ಕೈಗೆ ಬರುವುದು ಬೇಸಿಗೆಯಲ್ಲೇ. ಅದೂ ನಮ್ಮ ಬೇಸಿಗೆಯಲ್ಲಿ.

ಹಣ ಹೆಚ್ಚು ಕೂಡಿದರೆ ಇನ್ನಷ್ಟು ಕೊಡುತ್ತೇವೆ ಎಂಬ ಆಸೆ ಬೇರೆ ತೋರಿಸುತ್ತಾರೆ. ಚಿನ್ನದ ಅಂಚು, ಮಖಮಲ್ ಚೀಲ, 79ನೇ ಎಲೆ. ಕಾಗದ ದಪ್ಪ ಮಾಡುತ್ತೇವೆ ಎಂದವರಿಗೆ ದುಡ್ಡು ಹಾಕಿ. ಚೀಲ ಕೊಡುತ್ತೇವೆ ಎಂದವರಿಗೆ ಹಾಕುವ ಮುನ್ನ ಯೋಚಿಸಿ, ಆ ಚೀಲದಲ್ಲಿ ಮನೆಯವರು ಕಡೆಗೆ ಚಿಲ್ಲರೆಯನ್ನೇ ಇಡುವುದು.

ವಿಳಾಸದ್ದೊಂದು ಪ್ರತ್ಯೇಕ ಫಜೀತಿ. ಊರಿನ ಹೆಸರು 2014ರ ನವೆಂಬರ್ 1ರಂದೇ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು. ಪರದೇಶದ ಎಷ್ಟೋ ಆರ್ಡರ್ ಫಾರಂಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಎರಡೂ ಹೆಸರು ಬರೆಯಿರಿ, ಪಿನ್‌ಕೋಡ್ ಬರೆಯಿರಿ, ಮೊಬೈಲ್ ನಂಬರನ್ನು ವಿಳಾಸದ ಸಾಲಿನಲ್ಲೇ ಸೇರಿಸಿ. ‘ಹನುಮಾನ ಗುಡಿ ಹಿಂದ, ಬೇವಿನ ಗಿಡದ ಎದುರ’ ಎಂಬುದು ಖಾನೆಯಲ್ಲಿ ಹಿಡಿಸದೆ ‘ಹನುಮಾನ’ ಎಂಬಲ್ಲಿಗೆ ತುಂಡಾದರೆ, ಪಾರ್ಸೆಲ್ ಹುಡುಗ ಫೋನ್ ಮಾಡಿ ‘ಯಾವ್ ಹನುಮಾನ್ರಿ?’ ಎಂದು ಕೇಳುವುದು ನ್ಯಾಯವೇ. ಸುಂಕ ಬೀಳುವುದು ಕಟ್ಟಿನ ಬೆಲೆಗೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆಯನ್ನೂ ಕೂಡಿಸಿದ ಮೊತ್ತಕ್ಕೆ. 30 ಡಾಲರಿನ ಕಟ್ಟಿಗೆ 25 ಡಾಲರ್ ಸಾಗಣೆಯಾದರೆ ಲೆಕ್ಕ 55ರಿಂದ ಶುರು. ಡಬ್ಬಿಯ ಮೇಲೆ ‘ಉಡುಗೊರೆ’ ಎಂದು ಬರೆಸಿಕೊಂಡ ಮಾತ್ರಕ್ಕೆ ಸುಂಕದವರು ಬೀಗರಾಗುವುದಿಲ್ಲ.

ಕಟ್ಟು ಬಂತು. ರೊಟ್ಟಿ ಊಟ ಮುಗಿಸಿದ ಕೈಯಲ್ಲಿ ಬಿಚ್ಚಬೇಡಿ. ಶೇಂಗಾ ಹಿಂಡಿಯ ಎಣ್ಣೆ ಬೆರಳ ಗೆರೆಯಲ್ಲಿ ಉಳಿದಿರುತ್ತದೆ, ನುಣುಪಿಲ್ಲದ ಮ್ಯಾಟ್ ಎಲೆಗೆ ತಾಗಿದರೆ ಆ ಕಲೆ ಆಜೀವ ಸದಸ್ಯ. ಕೈ ತೊಳೆದು ಪೂರ್ತಿ ಒಣಗಿದ ಮೇಲೆ ಮಂಚದ ಮೇಲೊಂದು ಬಿಳಿ ಚಾದರ ಹಾಸಿ ಎಲೆಗಳನ್ನು ಐದು ಗುಡ್ಡೆ ಮಾಡಿ: ‘ಮೂರ್ಖ’, ‘ಬಲ’, ‘ನ್ಯಾಯ’ದಂಥ ಹೆಸರಿನ 22 ದೊಡ್ಡ ಎಲೆ, ಆಮೇಲೆ ಇಸ್ಪೀಟಿನಂತೆ ನಾಲ್ಕು ಜಾತಿ, ಕೋಲು, ಬಟ್ಟಲು, ಕತ್ತಿ, ನಾಣ್ಯ ತಲಾ 14. ಒಟ್ಟು 78 ಬಂತೆಂದು ಖುಷಿಪಡುವುದೇ ಮೊದಲ ತಪ್ಪು. ಕಾರ್ಖಾನೆಯಲ್ಲಿ ಒಂದು ಎಲೆ ತಪ್ಪಿದಾಗ ಅದರ ಜಾಗಕ್ಕೆ ಇನ್ನೊಂದು ಎರಡು ಸಲ ಬಂದಿರುತ್ತದೆ. ಒಟ್ಟು ಸರಿ, ಆದರೆ ಕತ್ತಿಯ ಆರು ಜೋಡಿ, ಏಳು ನಾಪತ್ತೆ. ಗುಡ್ಡೆಗುಡ್ಡೆಯಾಗಿ ಎಣಿಸಿದರೆ ಮಾತ್ರ ಕಳ್ಳ ಸಿಗುತ್ತಾನೆ. ಕಲೆಸುವ ಮೊದಲೇ ಫೋಟೊ ತೆಗೆದು ಕಲಾವಿದರಿಗೆ ಬರೆಯಿರಿ, ಹೆಚ್ಚಿನವರು ಬದಲಿ ಎಲೆ ಕಳಿಸುತ್ತಾರೆ. ಬದಲಿ ಬೇರೆ ಅಚ್ಚಿನದಾದರೆ ಬೆನ್ನಿನ ನೀಲಿ ಒಂದು ಕೂದಲೆಳೆ ತಿಳಿಯಾಗಿರಬಹುದು. ಆಮೇಲೆ ಎಷ್ಟು ಕಲೆಸಿದರೂ ಆ ಏಳು ಎಲ್ಲಿದೆ ಎಂಬುದು ಬೆನ್ನು ನೋಡಿಯೇ ಗೊತ್ತಾಗುತ್ತದೆ.

ಇನ್ನು ತೂಕ. ಮಾರುವವರು ‘350 ಜಿಎಸ್‌ಎಂ’ ಎಂದು ಬರೆದದ್ದನ್ನು ನಂಬಿ ಕೂರಬೇಕಾಗಿಲ್ಲ. ಚದರ ಮೀಟರಿಗೆ 350 ಗ್ರಾಂ ಎಂದೇ ಅದರ ಅರ್ಥ. ಟ್ಯಾರೋ ಎಲೆಯ ರೂಢಿಯ ಅಳತೆ 70 ಮಿ.ಮೀ. ಅಗಲ, 120 ಮಿ.ಮೀ. ಎತ್ತರ. ಲೆಕ್ಕ ಹಾಕಿದರೆ ಎಲೆಯೊಂದಕ್ಕೆ 2.94 ಗ್ರಾಂ, ಕಟ್ಟಿಗೆ ಸುಮಾರು 229 ಗ್ರಾಂ. 300 ಜಿಎಸ್‌ಎಂ ಆಗಿದ್ದರೆ ಸುಮಾರು 197. ಮೇಲಿನ ಪ್ಲಾಸ್ಟಿಕ್ ಪದರಕ್ಕೆ ಇನ್ನು ಕೆಲವು ಗ್ರಾಂ ಸೇರಿಸಿ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಅಂಗಡಿಯವರು ‘ಇದೇನ್ ಕಿಲೋದ ಲೆಕ್ಕದಾಗ ಮಾರ್ತೀರೇನ್ರಿ?’ ಎನ್ನುತ್ತಾರೆ, ನಕ್ಕುಬಿಡಿ. 180 ಗ್ರಾಂ ತೋರಿಸಿದರೆ ಮಾತ್ರ ನಗುವ ಸರದಿ ಅವರದು. ದಪ್ಪ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದೂ ಭ್ರಮೆಯೇ. 400 ಜಿಎಸ್‌ಎಂ ಕಟ್ಟು ಇಟ್ಟಿಗೆ ಇದ್ದ ಹಾಗೆ, ಸಣ್ಣ ಕೈಯವರು ಕಲೆಸಲು ಹೋದರೆ ಅರ್ಧ ಕಟ್ಟು ಮಂಚದ ಕೆಳಗೆ. ಇಸ್ಪೀಟ್ ತಯಾರಕರು ಬಳಸುವ 310 ಜಿಎಸ್‌ಎಂ, ನಡುವೆ ಕಪ್ಪು ಪದರವಿರುವ ಕಾಗದ ತೆಳುವಾಗಿದ್ದರೂ ಬಾಗಿಸಿದರೆ ಪುಟಿದು ನೇರವಾಗುತ್ತದೆ. ಕಪ್ಪು ಪದರದ ಕೆಲಸ ಬೆಳಕು ತಡೆಯುವುದು. ಹೌದೋ ಅಲ್ಲವೋ ನೋಡಬೇಕೆಂದರೆ ಎಲೆಯನ್ನು ಕಿಟಕಿಯ ಬಿಸಿಲಿಗೆ ಹಿಡಿಯಿರಿ, ಪರೀಕ್ಷೆಗೆ ಬೇಕಾದ ಬಿಸಿಲಿಗೆ ಈ ಊರಲ್ಲಿ ಬರವಿಲ್ಲ.

ಕತ್ತರಿಸಿದ್ದು ಸರಿಯಿದೆಯೇ ಎಂದು ತಿಳಿಯಲು ಅರ್ಧ ಕಟ್ಟನ್ನು ತಲೆಕೆಳಗು ಮಾಡಿ ಉಳಿದರ್ಧದ ಮೇಲಿಟ್ಟು ಅಂಚಿನ ಮೇಲೆ ಉಗುರು ಎಳೆಯಿರಿ. ಮೆಟ್ಟಿಲು ಸಿಕ್ಕರೆ ಕತ್ತರಿಸುವ ಅಲಗು ಜಾರಿದೆ ಎಂದರ್ಥ. ಕಪ್ಪು ಅಂಚಿನ ಕಟ್ಟುಗಳು ಫೋಟೊದಲ್ಲಿ ಬಿದರಿ ತಟ್ಟೆಯಂತೆ ಹೊಳೆಯುತ್ತವೆ. ನಾಲ್ಕು ವಾರ ಕಲೆಸಿದ ಮೇಲೆ ಮೂಲೆಗಳಲ್ಲಿ ಬಿಳಿ ಹಲ್ಲು ಕಾಣುತ್ತದೆ, ಏಕೆಂದರೆ ಕಪ್ಪು ಇರುವುದು ಮೇಲ್ಮೈಯಲ್ಲಿ, ಒಳಗೆಲ್ಲ ಬಿಳಿ ಕಾಗದ.

ಚಿನ್ನದ ಅಂಚಿನ ಕಥೆಯೂ ಅಷ್ಟೇ. ಬೀದರಿನ ಬಿದರಿ ಕಲೆಗಾರರು ಲೋಹದಲ್ಲಿ ಗೀರು ಕೊರೆದು, ಆ ಗೀರಿನೊಳಗೆ ಬೆಳ್ಳಿ ಬಡಿದು ಕೂರಿಸುತ್ತಾರೆ, ಅದಕ್ಕೇ ಅದು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಎಲೆಯ ಅಂಚಿನ ಚಿನ್ನಕ್ಕೆ ಅಂಥ ಗೀರಿಲ್ಲ. ಹೊಳೆಯುವ ಹಾಳೆಯನ್ನು ಬಿಸಿಮಾಡಿ ಅಂಚಿಗೆ ಒತ್ತಿರುತ್ತಾರೆ. ಹೊಸದರಲ್ಲಿ 78 ಎಲೆಯೂ ಅಂಟಿಕೊಂಡು ಒಂದೇ ಗಟ್ಟಿಯಾಗಿರುತ್ತವೆ. ಜೋರಾಗಿ ಎಳೆದರೆ ಅಂಚೇ ಕಿತ್ತು ಬರುತ್ತದೆ. ಕಟ್ಟನ್ನು ಮೃದುವಾಗಿ ಎರಡೂ ಕಡೆ ಬಾಗಿಸಿ, ಆಮೇಲೆ ಒಂದೊಂದೇ ಎಲೆ ಬಿಡಿಸಿ. ಆಗ ಬೆರಳಿಗೆ ಹತ್ತಿದ ಹೊಳಪು ಮುಖಕ್ಕೂ ಹತ್ತಿ, ಮದುವೆ ಮೆರವಣಿಗೆಯಿಂದ ನೆಟ್ಟಗೆ ಎದ್ದು ಬಂದವರ ಹಾಗೆ ಕಾಣುತ್ತೀರಿ.

ಚಿತ್ರ ಪರೀಕ್ಷಿಸುವುದೆಂದರೆ ಮೊದಲು ಎಣಿಸುವುದು. ಬಟ್ಟಲಿನ ಒಂಬತ್ತರಲ್ಲಿ ಒಂಬತ್ತೇ ಬಟ್ಟಲಿವೆಯೇ? ಕೋಲಿನ ಎಂಟರಲ್ಲಿ ಏಳೇ ಕೋಲಿದ್ದು, ಎಂಟನೆಯದು ಯಾರದೋ ತೋಳಿನೊಳಗೆ ಕರಗಿ ಹೋಗಿದೆಯೇ? ಕಂಪ್ಯೂಟರಿನಿಂದ ಚಿತ್ರ ಹುಟ್ಟಿಸಿ ‘ಕೈಯಿಂದ ಬರೆದದ್ದು’ ಎಂದು ಮಾರುವ ಕಟ್ಟುಗಳು ಸಿಕ್ಕಿಬೀಳುವುದು ಇಲ್ಲೇ. ಬೆರಳು ಆರು, ಕತ್ತಿಗೆ ಹಿಡಿ ಎರಡು, ಕುದುರೆಗೆ ಕಾಲು ಎಷ್ಟೆಂದು ಕುದುರೆಗೇ ಗೊತ್ತಿಲ್ಲ. ಕೋಲಿನ ಹತ್ತು, ಕತ್ತಿಯ ಹತ್ತು, ನಾಣ್ಯದ ಹತ್ತು, ಈ ಮೂರನ್ನು ನೋಡದೆ ಯಾವ ಕಟ್ಟಿಗೂ ಅಂಕ ಕೊಡಬೇಡಿ. ಪ್ರಾಮಾಣಿಕವಾಗಿ ಬರೆದವರಿಗೂ ಒಂದು ಚಟವಿದೆ, ಎಲ್ಲವನ್ನೂ ಪ್ರಾಣಿ ಮಾಡಿಬಿಡುವುದು. ಪ್ರತಿ ಜಾತಿಗೆ ಸೇವಕ, ಸವಾರ, ರಾಣಿ, ರಾಜ ಎಂದು ನಾಲ್ಕು ಎಲೆ, ಆ ಹದಿನಾರು ಬೆಕ್ಕುಗಳಲ್ಲಿ ರಾಣಿ ಯಾರು, ಸವಾರ ಯಾರು? ಹೆಸರು ಮುಚ್ಚಿಟ್ಟು ಹೇಳಲು ಆಗಬೇಕು, ಆಗದಿದ್ದರೆ ಅದು ಬೆಕ್ಕಿನ ಆಲ್ಬಂ.

ಹಳೆಯ ಮಾದರಿಯನ್ನು ಹೊಸದಾಗಿ ಬರೆದದ್ದೇ ಕಳ್ಳತನವಲ್ಲ. ಇಂದಿನ ಬಹುಪಾಲು ಕಟ್ಟುಗಳ ತಾಯಿ 1909ರಲ್ಲಿ ಲಂಡನ್ನಿನಲ್ಲಿ ಬಂದದ್ದು. ಎಲೆ ಹೇಗಿರಬೇಕೆಂದು ಎ.ಇ. ವೇಟ್ ಹೇಳಿದರು, ಚಿತ್ರಗಳನ್ನು ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ ಬರೆದರು. ಸ್ಮಿತ್ ತೀರಿಕೊಂಡದ್ದು 1951ರಲ್ಲಿ. ಬ್ರಿಟನ್ನಿನ 70 ವರ್ಷದ ಲೆಕ್ಕದಲ್ಲೂ ಆ ಚಿತ್ರಗಳ ಹಕ್ಕು 2021ರ ಕೊನೆಗೆ ಮುಗಿದಿದೆ. ‘ಬಲ’ ಎಂಬ ಎಲೆ ಎಂಟಕ್ಕೂ ‘ನ್ಯಾಯ’ ಹನ್ನೊಂದಕ್ಕೂ ಅದಲುಬದಲಾಗಿ ರೂಢಿಗೆ ಬಂದದ್ದು ಆ ಕಟ್ಟಿನಿಂದ. ಫ್ರಾನ್ಸಿನ ಹಳೆಯ ಮಾರ್ಸೇಲ್ ಮಾದರಿಯಲ್ಲಿ ತಿರುಗಾಮುರುಗಾ ಇರುತ್ತದೆ, ಅಚ್ಚಿನ ತಪ್ಪೆಂದು ಕಲಾವಿದರಿಗೆ ಬೈದು ಬರೆಯಬೇಡಿ. ಕಳ್ಳತನ ಬೇರೆಯೇ. ಬದುಕಿರುವ ಕಲಾವಿದರ ಮೂರ್ನಾಲ್ಕು ಸಾವಿರದ ಕಟ್ಟು 400 ರೂಪಾಯಿಗೆ ಸಿಕ್ಕು, ಎಲೆ ಸಣ್ಣದಾಗಿ, ಚಿತ್ರ ಮಸುಕಾಗಿ, ಪುಸ್ತಕದ ಬದಲು ಕ್ಯೂಆರ್ ಕೋಡ್ ಬಂದರೆ ಅದು ನಕಲಿ.

ಈಗ ಕೂಲರ್ ವಿಷಯ. ಕಾಗದದ ನಾರು ತೇವ ಹೀರಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲಿನ ಪ್ಲಾಸ್ಟಿಕ್ ಪದರ ತೇವದ ಗೊಡವೆಗೇ ಹೋಗುವುದಿಲ್ಲ. ಎರಡೂ ಬದಿಗೆ ಒಂದೇ ಪದರವಿದ್ದರೆ ಹಗ್ಗ ಜಗ್ಗಾಟ ಸರಿಸಮ. ಮುಖಕ್ಕೆ ಮಾತ್ರ ಪದರ ಹಚ್ಚಿ ಬೆನ್ನು ಬಿಟ್ಟಿದ್ದರೆ ಒಣಗಾಳಿಗೆ ಬೆನ್ನು ಕುಗ್ಗಿ ಎಲೆ ಬೆನ್ನಿನ ಕಡೆ ಬಾಗುತ್ತದೆ. ಮಧ್ಯಾಹ್ನ ಕೂಲರ್‌ಗೆ ನೀರು ಹಾಕಿ ಹಚ್ಚುತ್ತೀರಿ, ಹಸಿಗಾಳಿಗೆ ಬೆನ್ನು ಹಿಗ್ಗಿ ಮುಖದ ಕಡೆ ಬಾಗುತ್ತದೆ. ಬೆಳಗ್ಗೆ ಒಂದು ದಿಕ್ಕಿಗೆ ಶರಣು, ಮಧ್ಯಾಹ್ನ ಇನ್ನೊಂದು ದಿಕ್ಕಿಗೆ. ನೆಟ್ಟಗೆ ಮಾಡಲು ಇಸ್ತ್ರಿಪೆಟ್ಟಿಗೆ ತೆಗೆದರೆ ಪದರ ಗುಳ್ಳೆ ಏಳುತ್ತದೆ. ರಬ್ಬರ್ ಬ್ಯಾಂಡ್ ಸುತ್ತಿದರೆ ಅಂಚಿನಲ್ಲಿ ಗಾಯ, ಮೇ ಕೊನೆಗೆ ರಬ್ಬರು ಕರಗಿ ಅಂಟು ಬೇರೆ. ಎರಡು ಸಪಾಟು ಹಲಗೆಯ ನಡುವೆ ಕಟ್ಟು ಇಟ್ಟು ಮೇಲೆ ಐದು ಕಿಲೋ ತೊಗರಿಬೇಳೆಯ ಡಬ್ಬಿ ಹೇರಿ ಎರಡು ಮೂರು ದಿನ ಬಿಡುವುದೇ ಉಪಾಯ. ತೊಂದರೆ ಒಂದೇ, ಕಲಬುರಗಿಯ ಮನೆಯಲ್ಲಿ ಬೇಳೆ ಡಬ್ಬಿ ಇದ್ದಲ್ಲೇ ಎರಡು ದಿನ ಇರುವುದಿಲ್ಲ. ಗೋಧಿ ಡಬ್ಬಿ ಇಡಿ. ಆಮೇಲೆ ಕಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಕೂಲರ್ ಇಲ್ಲದ ಕೋಣೆಗೆ ಸಾಗಿಸಿ. ಡಾಂಬರ್ ಗುಳಿಗೆ ಮಾತ್ರ ಹಾಕಬೇಡಿ, ಎಲೆ ತೆಗೆದಾಗಲೆಲ್ಲ ಹಳೇ ರೇಷ್ಮೆ ಸೀರೆಯ ಟ್ರಂಕು ತೆಗೆದಂತಾಗುತ್ತದೆ.

ಎಲೆಗೆ ಕೂಲರಿನಷ್ಟೇ ಅಪಾಯ ಮನೆಗೆ ಬರುವವರಿಂದ. ‘ನಮ್ ಹುಡುಗಗ ನೌಕ್ರಿ ಯಾವಾಗ ಆಗ್ತದ ನೋಡ್ರಿ’ ಎನ್ನುವವರು, ತೊಗರಿ ರೇಟು ಕೇಳುವವರು. ಮದುವೆ ಗೊತ್ತಾದ ಮನೆಯಲ್ಲಿ ‘ಸಾವು’ ಎಂಬ 13ನೇ ಎಲೆ ಹೊರಬಿತ್ತೆಂದರೆ ಬಿಳಿ ಕುದುರೆಯ ಮೇಲಿನ ಆ ಎಲುಬಿನ ಹಂದರ ತೋರಿಸಿ ‘ಇದು ಬದಲಾವಣೆ, ಸಾವಲ್ಲ’ ಎಂದು ಎಷ್ಟು ವಿವರಿಸಿದರೂ ಆಯಿಗೆ ಒಪ್ಪಿಗೆಯಿಲ್ಲ. ಹಾಗಾಗಿ ಸಂಗ್ರಹಕ್ಕೆ ಒಂದು ಕಟ್ಟು, ತೋರಿಸಲು ಇನ್ನೊಂದು ಕಡಿಮೆ ಬೆಲೆಯದು ಇಟ್ಟುಕೊಳ್ಳುವುದು ವಾಡಿಕೆ.

ಮೂಲೆಯಲ್ಲಿ ಕುಳಿತ ಮುತ್ಯಾ ಇದ್ಯಾವುದಕ್ಕೂ ತಲೆ ಹಾಕದೆ ಒಂದೇ ಮಾತು ಕೇಳುತ್ತಾರೆ: ‘ಇದರಾಗ ತುರುಪು ಯಾವ್ದಪಾ?’ ಎಲ್ಲರೂ ನಗುತ್ತಾರೆ. ನಗಬಾರದು. 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಈ ಎಲೆಗಳು ಹುಟ್ಟಿದ್ದೇ ಆಟಕ್ಕೆ. 22 ದೊಡ್ಡ ಎಲೆಗಳಲ್ಲಿ ‘ಮೂರ್ಖ’ನನ್ನು ಬಿಟ್ಟು ಉಳಿದ 21 ತುರುಪಿನವೇ, ಭವಿಷ್ಯ ಹೇಳುವ ಪದ್ಧತಿ ಫ್ರಾನ್ಸಿನಲ್ಲಿ ಬೆಳೆದದ್ದು 18ನೇ ಶತಮಾನದಲ್ಲಿ. ಫ್ರಾನ್ಸಿನವರು ಇಂದಿಗೂ 78 ಎಲೆ ಹಂಚಿ ಆಡುತ್ತಾರೆ. ಮುತ್ಯಾನ ಜೊತೆ ಕೂರುವುದಾದರೆ ಖಂಡಿತ ಕೂರಿ. ಚಿನ್ನದ ಅಂಚಿನ ಕಟ್ಟು ಮಾತ್ರ ಕೊಡಬೇಡಿ, ಪ್ರತಿ ಎಲೆ ಎತ್ತುವ ಮೊದಲು ಅವರು ಬೆರಳನ್ನು ನಾಲಿಗೆಗೆ ಮುಟ್ಟಿಸುತ್ತಾರೆ.